ಹಳೆಯ ವೀಣೆ ಕೊಳ್ಳುವ ಮುನ್ನ: ಯಾವ ಪೆಟ್ಟು ಪರವಾಗಿಲ್ಲ, ಯಾವುದು ಬೇಡವೇ ಬೇಡ

ಹಳೆಯ ವೀಣೆ ಹುಡುಕಲು ಹೊರಟವರ ಮುಂದೆ ಸಾಮಾನ್ಯವಾಗಿ ಎರಡು ಬಗೆಯ ವಾದ್ಯಗಳು ಬಂದು ನಿಲ್ಲುತ್ತವೆ. ಒಂದು, ಯಾರದೋ ಮನೆಯ ಅಟ್ಟದಿಂದ ಇಳಿಸಿದ್ದು: ಯಾಳಿಯ, ಎಂದರೆ ತುದಿಯಲ್ಲಿ ಕೆತ್ತಿದ ಪ್ರಾಣಿಮುಖದ, ಕಿವಿ ಮುರಿದಿದೆ, ಮೆಟ್ಟಿಲುಗಳು (ಸ್ವರಸ್ಥಾನದ ಲೋಹದ ಪಟ್ಟಿಗಳು) ಓರೆಯಾಗಿವೆ, ಮೈಯೆಲ್ಲ ಕಪ್ಪಿಟ್ಟಿದೆ. ಇನ್ನೊಂದು, ಹೊಸ ಪಾಲಿಶ್ ಹೊಡೆದು, ಯಾಳಿಗೆ ಚಿನ್ನದ ಬಣ್ಣ ಬಳಿದು, ಹೊಸ ಮೇಳ (ಮೆಟ್ಟಿಲುಗಳನ್ನು ಕೂರಿಸುವ ಮೇಣದ ಕಟ್ಟು) ಕಟ್ಟಿ ಮಾರಾಟಕ್ಕೆ ಇಟ್ಟದ್ದು. ಬಹುತೇಕರ ಕೈ ಎರಡನೆಯದರ ಕಡೆಗೆ ಹೋಗುತ್ತದೆ. ನಮ್ಮ ಸಲಹೆ ಬೇರೆ. ಯಾವುದು ನೋಡಲು ಚೆನ್ನಾಗಿದೆ ಎನ್ನುವುದನ್ನು ಬಿಟ್ಟು, ಪೆಟ್ಟು ಎಲ್ಲಿ ಬಿದ್ದಿದೆ ಎನ್ನುವುದನ್ನು ನೋಡಿ.

ವೀಣೆಯ ತಂತಿ ಕೊಡದ ತುದಿಯಲ್ಲಿ ಅದನ್ನು ಕಟ್ಟುವ ನಾಗಪಾಶದಿಂದ ಹೊರಟು, ಹಲಗೆಯ ಮೇಲೆ ನಿಂತ ಕುದುರೆಯನ್ನು ಏರಿ, ಮೇಳದ ಮೇಲೆ ಹಾದು, ದಂಡಿಯ ಆಚೆ ತುದಿಯ ಮೇರು ಎಂಬ ಪಟ್ಟಿಯನ್ನು ದಾಟಿ, ಶ್ರುತಿ ಮಾಡುವ ಬಿರಡೆಗೆ ಸುತ್ತಿಕೊಳ್ಳುತ್ತದೆ. ಸುಮಾರು 85 ಸೆಂ.ಮೀ. ನುಡಿಯುವ ಉದ್ದದಲ್ಲಿ 0.30 ಮಿ.ಮೀ. ಉಕ್ಕಿನ ಸಾರಣಿಯನ್ನು, ಎಂದರೆ ಮೊದಲ ತಂತಿಯನ್ನು, ಇ (E) ಶ್ರುತಿಗೆ ಏರಿಸಿದರೆ ಅದೊಂದೇ ತಂತಿಯ ಎಳೆತ ನಾಲ್ಕು ಕಿಲೋ ದಾಟುತ್ತದೆ. ನಾಲ್ಕು ನುಡಿಸುವ ತಂತಿ, ಮೂರು ತಾಳದ ತಂತಿ ಸೇರಿದರೆ ಮೂವತ್ತು ಕಿಲೋ ಆಸುಪಾಸು. ಈ ಭಾರವನ್ನು ವಾದ್ಯ ಹಗಲೂ ರಾತ್ರಿ, ವರ್ಷಾನುಗಟ್ಟಲೆ ಹೊರುತ್ತದೆ. ಆದ್ದರಿಂದ ಎಳೆತದ ಈ ದಾರಿಯಲ್ಲಿರುವ ಐದು ಜಾಗಗಳು ಗಟ್ಟಿಯಾಗಿರಬೇಕು: ನಾಗಪಾಶ ಕೂತಿರುವ ಮರ, ಕುದುರೆಯ ಕೆಳಗೆ ಕೊಡದ ಬಾಯಿ ಮುಚ್ಚುವ ಹಲಗೆ, ಕೊಡ (ದುಂಡು ಹೊಟ್ಟೆ) ಮತ್ತು ದಂಡಿ (ಉದ್ದನೆಯ ಕೊರಳು) ಸೇರುವ ಜಾಗ, ದಂಡಿಯ ನೇರ, ಬಿರಡೆಯ ತೂತುಗಳು. ಉಳಿದದ್ದು, ಎಂದರೆ ಯಾಳಿ, ದಂಡಿಯ ಕೆಳಗಿನ ಸೋರೆ ಬುರುಡೆ, ಇನ್‌ಲೇ (ಮರದಲ್ಲಿ ಕೂರಿಸಿದ ಅಲಂಕಾರ), ಪಾಲಿಶ್, ಮೇಣ, ಮೆಟ್ಟಿಲು, ಲಂಗರು (ಶ್ರುತಿಯನ್ನು ಸೂಕ್ಷ್ಮವಾಗಿ ಹೊಂದಿಸುವ ಕೊಂಡಿ), ಎಲ್ಲವೂ ಬದಲಾಯಿಸಬಹುದಾದ ಅಥವಾ ಹಾಗೇ ಬಿಡಬಹುದಾದ ಸಂಗತಿಗಳು.

ನೋಡಲು ಹೋಗುವಾಗ ಜೊತೆಗೆ ಒಯ್ಯಬೇಕಾದದ್ದು: ಸಣ್ಣ ಟಾರ್ಚ್, ಎರಡು ಮೀಟರ್ ಹೊಲಿಗೆ ದಾರ, 30 ಸೆಂ.ಮೀ. ಸ್ಟೀಲ್ ಸ್ಕೇಲು, ಅಳತೆ ಟೇಪು, ಒಂದು ತೆಳು ಕಾಗದದ ಚೂರು, ಕಪ್ಪು ಬಟ್ಟೆ, ಫೋನಿನಲ್ಲಿ ಟ್ಯೂನರ್ ಆ್ಯಪ್. ನೋಟು ಪರೀಕ್ಷಿಸಲು ಬಳಸುವ ನೇರಳಾತೀತ ಟಾರ್ಚ್ ಸಿಕ್ಕರೆ ಇನ್ನೂ ಒಳ್ಳೆಯದು. ಅದು ಯಾಕೆ ಎಂಬುದು ಮುಂದೆ ಬರುತ್ತದೆ.

ದಂಡಿ: ಮೊದಲು ಇದನ್ನೇ ನೋಡಿ

ದಂಡಿ ಒಳಗೆ ಟೊಳ್ಳು. ಮೇಲೆ ತೆಳುವಾದ ಮುಚ್ಚಳದ ಪಟ್ಟಿ, ಅದರ ಎರಡು ಅಂಚಿಗೆ ಮೇಣದ ದಂಡೆ, ಆ ದಂಡೆಗಳ ಮೇಲೆ 24 ಮೆಟ್ಟಿಲು. ತಂತಿ ಎಳೆದೆಳೆದು ವರ್ಷಗಳಾದ ಮೇಲೆ ದಂಡಿ ಮುಂದಕ್ಕೆ ಬಾಗುತ್ತದೆ. ಎರಡು ತುದಿ ಮೇಲೆ, ನಡು ಕೆಳಗೆ. ಆಗ ನಡುವಿನ ಮೆಟ್ಟಿಲುಗಳಿಂದ ತಂತಿ ದೂರವಾಗುತ್ತದೆ. ಒತ್ತಲು ಬಲ ಬೇಕಾಗುತ್ತದೆ, ಒತ್ತಿದಾಗ ಸ್ವರ ಏರುತ್ತದೆ, ಗಮಕ ಎಳೆಯುವಾಗ ಬೆರಳು ಸೋಲುತ್ತದೆ.

ಪರೀಕ್ಷೆ ಹೀಗೆ. ಮೇಣವನ್ನು ಬಿಟ್ಟು, ದಂಡಿಯ ಮರದ ಅಂಚಿಗೆ ದಾರವನ್ನು ಮೇರುವಿನ ಬಳಿಯಿಂದ ಕೊಡದ ಬುಡದ ತನಕ ಬಿಗಿಯಾಗಿ ಹಿಡಿಯಿರಿ. ನಡುವಿನಲ್ಲಿ ದಾರಕ್ಕೂ ಮರಕ್ಕೂ ಇರುವ ಸಂದನ್ನು ಅಳೆಯಿರಿ. ಎರಡೂ ಅಂಚಿನಲ್ಲಿ ಹೀಗೆ ಮಾಡಿ. ಸಂದು ಒಂದು ಮಿ.ಮೀ. ಒಳಗಿದ್ದರೆ ನಿಶ್ಚಿಂತೆ. ಎರಡರ ಆಸುಪಾಸಿದ್ದರೆ ಹೊಸ ಮೇಳ ಕಟ್ಟುವಾಗ ಸರಿದೂಗಿಸಬಹುದು. ಮೂರು ದಾಟಿದರೆ ಆ ವೀಣೆಯನ್ನು ಬಿಡುವುದೇ ಸರಿ. ಎರಡು ಅಂಚುಗಳ ಅಳತೆ ಬೇರೆ ಬೇರೆ ಬಂದರೆ ದಂಡಿ ಬಾಗಿದ್ದಷ್ಟೇ ಅಲ್ಲ, ತಿರುಚಿಕೊಂಡಿದೆ ಎಂದರ್ಥ. ಬಾಗಿಗಿಂತ ಅದು ಕೆಟ್ಟದ್ದು, ಏಕೆಂದರೆ ಯಾವ ಮೇಳವೂ ಅದನ್ನು ಪೂರ್ತಿಯಾಗಿ ಮುಚ್ಚಲಾರದು.

ಬಾಗಿದ ದಂಡಿಯನ್ನು ಮರೆಮಾಡುವ ಹಳೆಯ ಉಪಾಯ ಒಂದಿದೆ. ಹೊಸ ಮೇಳ ಕಟ್ಟುವಾಗ ನಡುವಿನಲ್ಲಿ ಮೇಣವನ್ನು ದಪ್ಪಗೆ ಏರಿಸಿಬಿಡುವುದು. ಮೆಟ್ಟಿಲುಗಳೆಲ್ಲ ಸಾಲಾಗಿ ಕಾಣುತ್ತವೆ, ನುಡಿಸಿದರೂ ಸರಿಯೆನಿಸುತ್ತದೆ. ಆದರೆ ಪಕ್ಕದಿಂದ ನೋಡಿ: 1ನೇ, 6ನೇ, 12ನೇ, 18ನೇ, 24ನೇ ಮೆಟ್ಟಿಲಿನ ಕೆಳಗೆ ಮೇಣದ ದಂಡೆ ಎಷ್ಟು ಎತ್ತರವಿದೆ ಎಂದು ಸ್ಕೇಲಿನಿಂದ ಅಳೆದು ಬರೆದುಕೊಳ್ಳಿ. ಎತ್ತರ ಒಂದು ತುದಿಯಿಂದ ಇನ್ನೊಂದಕ್ಕೆ ಹದವಾಗಿ ಬದಲಾಗುತ್ತಾ ಹೋಗಬೇಕು. ನಡುವಿನಲ್ಲಿ ಮಾತ್ರ ಉಬ್ಬಿದ್ದರೆ ಕೆಳಗಿನ ಮರ ತಗ್ಗಿದೆ ಎಂದೇ ತಿಳಿಯಿರಿ. ಹೊಸ ಮೇಳದ ವೀಣೆ ನೋಡುವಾಗ ಈ ಒಂದು ಅಳತೆಯನ್ನು ತಪ್ಪಿಸಬೇಡಿ.

ಇನ್ನೊಂದು ಅಳತೆಯೂ ಸುಲಭ. ಮೇರುವಿನಿಂದ ಕುದುರೆಯ ತನಕ ಟೇಪು ಹಿಡಿಯಿರಿ. 12ನೇ ಮೆಟ್ಟಿಲು ಅದರ ಅರ್ಧದ ಹತ್ತಿರ, ಅರ್ಧಕ್ಕಿಂತ ತುಸು ಮೇರುವಿನ ಕಡೆಗೆ ಇರಬೇಕು. ತಂತಿ ಒತ್ತಿದಾಗ ಸ್ವರ ಕೊಂಚ ಏರುವುದರಿಂದ ಆ ಮಟ್ಟಿನ ಸರಿದೂಗಿಕೆ ಬೇಕು. ಒಂದೆರಡು ಮೆಟ್ಟಿಲು ಮಾತ್ರ ಶ್ರುತಿ ತಪ್ಪಿದ್ದರೆ ಅದು ಮೇಣ ಜಾರಿದ್ದು, ದೊಡ್ಡ ವಿಷಯವಲ್ಲ. ಎಲ್ಲ ಮೆಟ್ಟಿಲೂ ಮೇಲೆ ಹೋದಂತೆ ಹೆಚ್ಚು ಹೆಚ್ಚು ತಪ್ಪುತ್ತಿದ್ದರೆ ಕುದುರೆ ತನ್ನ ಜಾಗ ಬಿಟ್ಟಿದೆ, ಇಲ್ಲವೇ ದಂಡಿ ಕೊಡದ ಬಳಿ ಮಡಚಿಕೊಂಡಿದೆ. ಎರಡರಲ್ಲಿ ಯಾವುದು ಎಂದು ತಿಳಿಯದೆ ದುಡ್ಡು ಕೊಡಬೇಡಿ.

ಏಕಾಂಡವೋ, ಜೋಡಿಸಿದ್ದೋ

ಕೊಡ ಮತ್ತು ದಂಡಿಯನ್ನು ಒಂದೇ ಮರದ ತುಂಡಿನಿಂದ ತೆಗೆದದ್ದು ಏಕಾಂಡ ವೀಣೆ. ಬೇರೆ ಬೇರೆ ಮಾಡಿ ಅಂಟಿಸಿದ್ದು ಜೋಡಿಸಿದ ವೀಣೆ. ತಮಿಳುನಾಡಿನ ಕಡೆಯವರು ಇದನ್ನೇ ಒಟ್ಟು ವೀಣೆ ಎನ್ನುತ್ತಾರೆ. ಏಕಾಂಡಕ್ಕೆ ಬೆಲೆ ಹೆಚ್ಚು, ಗೌರವವೂ ಹೆಚ್ಚು. ಎಳೆತದ ದಾರಿಯಲ್ಲಿ ಅಂಟಿನ ಜಾಗವೇ ಇಲ್ಲದ್ದರಿಂದ ಆ ಗೌರವಕ್ಕೆ ಕಾರಣವೂ ಇದೆ. ಆದರೆ ಹಳೆಯ ವಾದ್ಯದ ವಿಷಯದಲ್ಲಿ ಏಕಾಂಡ ಎಂಬ ಒಂದೇ ಮಾತಿಗೆ ಮರುಳಾಗಬಾರದು.

ಏಕಾಂಡಕ್ಕೆ ದೊಡ್ಡ ದಿಮ್ಮಿ ಬೇಕು. ದೊಡ್ಡ ದಿಮ್ಮಿಯಲ್ಲಿ ಮರದ ನಟ್ಟನಡುವಿನ ತಿರುಳು ಒಳಗೇ ಉಳಿದುಬಿಟ್ಟಿದ್ದರೆ, ಮರ ಒಣಗಿದಂತೆ ಆ ತಿರುಳಿನಿಂದ ಹೊರಗೆ ಬಿರುಕುಗಳು ಹರಡುತ್ತವೆ. ಕೊಡದ ಹಿಂಬದಿಯಲ್ಲಿ, ನಾಗಪಾಶದ ಸುತ್ತ ಮರದ ಅಡ್ಡಕೊಯ್ತ ಕಾಣುವ ಕಡೆ ಟಾರ್ಚ್ ಓರೆಯಾಗಿ ಹಿಡಿದು ನೋಡಿ. ಉಂಗುರಗಳ ಕೇಂದ್ರ ಅಲ್ಲೇ ಕಂಡರೆ, ಅಲ್ಲಿಂದ ಗೆರೆಗಳು ಹೊರಟಿದ್ದರೆ, ಎಚ್ಚರ. ನಾಗಪಾಶದ ತಿರುಪುಗಳು ಅಂಥ ಬಿರುಕಿನೊಳಗೇ ಕೂತಿದ್ದರೆ ಬಿಟ್ಟುಬಿಡಿ.

ಜೋಡಿಸಿದ ವೀಣೆಯಲ್ಲಿ ನೋಡಬೇಕಾದದ್ದು ಒಂದೇ ಜಾಗ. ಕೊಡ ಮತ್ತು ದಂಡಿ ಸೇರುವ ಗೆರೆಯ ಸುತ್ತ ಕಾಗದದ ಚೂರನ್ನು ಮೆಲ್ಲಗೆ ತೂರಿಸಿ ನೋಡಿ. ಎಲ್ಲೂ ಹೋಗದಿದ್ದರೆ ಸರಿ. ಕೆಳಬದಿಯಲ್ಲಿ ಹೋದರೆ ತಂತಿಯ ಎಳೆತಕ್ಕೆ ಜೋಡಣೆ ಬಾಯಿ ಬಿಡುತ್ತಿದೆ. ತಂತಿ ಸಡಿಲಿಸಿದಾಗ ಗೆರೆ ಮುಚ್ಚಿ, ಬಿಗಿದಾಗ ತೆರೆದರೆ ಸಂಶಯವೇ ಬೇಡ. ಇಲ್ಲಿ ಒಂದು ಮಾತು ಜೋಡಿಸಿದ ವೀಣೆಯ ಪರವಾಗಿ ಹೇಳಬೇಕು. ಮರವಜ್ರದಲ್ಲಿ, ಎಂದರೆ ಹಿಂದಿನ ಬಡಗಿಗಳ ಪ್ರಾಣಿಜನ್ಯ ಅಂಟಿನಲ್ಲಿ, ಜೋಡಿಸಿದ್ದು ಬಿಟ್ಟುಕೊಂಡಿದ್ದರೆ ಅದನ್ನು ಬಿಸಿ ಮತ್ತು ತೇವದಿಂದ ಪೂರ್ತಿ ಬಿಡಿಸಿ, ತೊಳೆದು, ಕೋನ ಸರಿಪಡಿಸಿ ಮತ್ತೆ ಅಂಟಿಸಬಹುದು. ಏಕಾಂಡದ ದಂಡಿ ಬಾಗಿದರೆ ಬಿಡಿಸಲು ಜೋಡಣೆಯೇ ಇಲ್ಲ. ಹಾಗಾಗಿ ನಮ್ಮ ಆಯ್ಕೆಯ ಕ್ರಮ ಇದು: ನೇರವಾದ ಏಕಾಂಡ ಮೊದಲು, ಗಟ್ಟಿ ಜೋಡಣೆಯ ವೀಣೆ ಎರಡನೆಯದು, ಹಳೆಯ ಅಂಟು ಬಿಟ್ಟ ಜೋಡಿಸಿದ ವೀಣೆ ಮೂರನೆಯದು, ಬಾಗಿದ ಏಕಾಂಡ ಎಲ್ಲಕ್ಕಿಂತ ಕೊನೆಗೆ.

ಏಕಾಂಡ ಎಂದು ಹೇಳಿ ಜೋಡಿಸಿದ್ದನ್ನು ಮಾರುವುದೂ ಉಂಟು. ಜೋಡಣೆಯ ಗೆರೆಯನ್ನು ಇನ್‌ಲೇ ಪಟ್ಟಿಯ ಕೆಳಗೆ ಅಡಗಿಸುವುದು ಸುಲಭ. ಮರದ ಎಳೆಗಳನ್ನು ಹಿಂಬಾಲಿಸಿ. ಕೊಡದ ಹೊಟ್ಟೆಯಲ್ಲಿ ಹೊರಟ ಎಳೆ ಪಟ್ಟಿಯನ್ನು ದಾಟಿ ದಂಡಿಯಲ್ಲೂ ಮುಂದುವರಿಯಬೇಕು. ಪಟ್ಟಿಯ ಎರಡು ಬದಿಯಲ್ಲಿ ಎಳೆಯ ದಿಕ್ಕೋ ಬಣ್ಣವೋ ಬದಲಾದರೆ ಅದು ಏಕಾಂಡವಲ್ಲ. ಹಲಗೆ ಮತ್ತು ದಂಡಿಯ ಮುಚ್ಚಳದ ಪಟ್ಟಿ ಏಕಾಂಡದಲ್ಲೂ ಬೇರೆ ಮರವೇ, ಯಾಳಿಯೂ ಸಾಮಾನ್ಯವಾಗಿ ಬೇರೆ. ಅಲ್ಲಿ ಜೋಡಣೆ ಕಂಡರೆ ಗಾಬರಿ ಬೇಡ.

ಹಲಸೋ, ಬೀಟೆಯೋ

ತಂಜಾವೂರಿನ ವೀಣೆ ಹಲಸಿನದು. 2013ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ (ಜಿಐ) ಮಾನ್ಯತೆಯೂ ಸಿಕ್ಕಿತು. ಮೈಸೂರಿನ ಹಳೆಯ ವೀಣೆಗಳಲ್ಲಿ ಹಲಸೂ ಇದೆ, ಬೀಟೆಯೂ ಇದೆ. ಬೀಟೆಯ ಮೇಲೆ ಬಿಳಿ ಇನ್‌ಲೇ ಮಾಡಿದ್ದನ್ನು ಕಂಡರೆ ಜನ ಮೈಸೂರು ವೀಣೆ ಎಂದೇ ಗುರುತಿಸುತ್ತಾರೆ. ನಾದದಲ್ಲಿ ಯಾವುದು ಮೇಲು ಎಂಬ ಚರ್ಚೆಗೆ ನಾವು ಇಲ್ಲಿ ಇಳಿಯುವುದಿಲ್ಲ. ಕೇಳಿ ನಿರ್ಧರಿಸುವುದು ನಿಮ್ಮ ಕಿವಿಗೆ ಬಿಟ್ಟದ್ದು. ಕೆಡುವ ರೀತಿಯಲ್ಲಿ ಮಾತ್ರ ಎರಡಕ್ಕೂ ಸ್ಪಷ್ಟ ವ್ಯತ್ಯಾಸವಿದೆ.

ಹಲಸಿನ ಮರ ಹಗುರ, ಘನ ಮೀಟರಿಗೆ ಸುಮಾರು 600ರಿಂದ 650 ಕಿಲೋ. ಬೀಟೆ 830 ಕಿಲೋ ಮೀರುತ್ತದೆ. ಒಂದೇ ಅಳತೆಯ ಎರಡು ವೀಣೆ ಎತ್ತಿದರೆ ಕೈಗೇ ಗೊತ್ತಾಗುತ್ತದೆ. ಹಲಸಿನ ಚೇಗು, ಎಂದರೆ ಒಳಗಿನ ಗಟ್ಟಿ ಮರ, ಅಂಟನ್ನು ಚೆನ್ನಾಗಿ ಹಿಡಿಯುತ್ತದೆ, ಆದ್ದರಿಂದ ರಿಪೇರಿ ನಿಲ್ಲುತ್ತದೆ. ಬೀಟೆಯಲ್ಲಿ ಎಣ್ಣೆಯ ಅಂಶವಿದೆ. ಅಂಟು ಹಾಕುವ ಮುನ್ನ ಮೇಲ್ಮೈಯನ್ನು ಹೊಸದಾಗಿ ಕೆರೆದು ಒರೆಸದಿದ್ದರೆ ಅಂಟು ಕೆಲವೇ ವರ್ಷದಲ್ಲಿ ಬಿಟ್ಟುಕೊಳ್ಳುತ್ತದೆ. ಬೀಟೆಯ ವೀಣೆಯಲ್ಲಿ ಹಿಂದೆ ರಿಪೇರಿಯಾದ ಬಿರುಕು ಕಂಡರೆ ಅದರ ಮೇಲೆ ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ಗಟ್ಟಿಯಾಗಿ ಹಿಡಿದಿದ್ದರೆ ಒಂದೇ ದನಿ. ಬಿಟ್ಟಿದ್ದರೆ ಝರ್ ಎನ್ನುವ ಎರಡನೆಯ ದನಿ ಅದರ ಹಿಂದೆಯೇ ಕೇಳುತ್ತದೆ.

ಹಲಸು ರಿಪೇರಿಯ ಕಾಲವನ್ನೂ ಹೇಳಿಬಿಡುತ್ತದೆ. ಹೊಸದಾಗಿ ಕೊಯ್ದಾಗ ಅದು ಹಳದಿ. ಬೆಳಕು ಗಾಳಿಗೆ ವರ್ಷಗಳು ಕಳೆದಂತೆ ಕಂದಾಗುತ್ತದೆ. ಹಲಗೆಯ ಅಂಚಿನಲ್ಲೋ ಬಿರಡೆಯ ಗೂಡಿನ ಒಳಗೋ ಹಳದಿ ತೇಪೆ ಕಂಡರೆ ಅದು ಇತ್ತೀಚಿನ ಕೆಲಸ. ಹೊರಗೆ ಬಣ್ಣ ಹಚ್ಚಿ ಹೊಂದಿಸಿದರೂ ಒಳಬದಿಗೆ ಹಚ್ಚುವವರು ಕಡಿಮೆ. ಹಲಗೆಯ ಮೇಲೆ ಎರಡು ಕಡೆ ನಾದರಂಧ್ರಗಳ ಗುಂಪಿರುತ್ತದೆ. ಒಂದರಿಂದ ಟಾರ್ಚಿನ ಬೆಳಕು ಹಾಯಿಸಿ ಇನ್ನೊಂದರಿಂದ ಇಣುಕಿ ನೋಡಿ. ಒಳಗಿನ ತೇಪೆ, ಬಿಳಿ ಅಂಟಿನ ಹನಿ, ಬಟ್ಟೆಯ ಪಟ್ಟಿ, ಮರದ ಪುಡಿ, ಎಲ್ಲವೂ ಕಾಣಸಿಗುತ್ತವೆ.

ಕೊಡದ ಬಿರುಕುಗಳಲ್ಲಿ ಯಾವುದಕ್ಕೆ ಹೆದರಬೇಕು? ಎಳೆಯ ಉದ್ದಕ್ಕೆ ಹೋದ, ಹೊಟ್ಟೆಯ ಪಕ್ಕದಲ್ಲೇ ಶುರುವಾಗಿ ಪಕ್ಕದಲ್ಲೇ ಮುಗಿದ ಬಿರುಕನ್ನು ಒಳಗಿನಿಂದ ಸಣ್ಣ ಮರದ ಚೂರುಗಳನ್ನು ಎಳೆಗೆ ಅಡ್ಡಲಾಗಿ ಅಂಟಿಸಿ ನಿಲ್ಲಿಸಬಹುದು. ಬಿರುಕು ಕೊಡದ ಬಾಯಿಯ ಅಂಚನ್ನು ಮುಟ್ಟಿದ್ದರೆ, ಎಂದರೆ ಹಲಗೆ ಕೂರುವ ಜಾಗಕ್ಕೇ ಬಂದಿದ್ದರೆ, ಹಲಗೆ ತೆಗೆದು ಕೆಲಸ ಮಾಡಬೇಕು. ಖರ್ಚು ಬೇರೆಯೇ ಮಟ್ಟಕ್ಕೆ ಹೋಗುತ್ತದೆ. ನಾಗಪಾಶದಿಂದ ಹೊರಟ ಬಿರುಕನ್ನು ಯಾವ ಬೆಲೆಗೂ ನಾವು ಶಿಫಾರಸು ಮಾಡುವುದಿಲ್ಲ.

ಹಲಗೆ ಮತ್ತು ಕುದುರೆ

ಕುದುರೆ ತಂತಿಗಳ ಒತ್ತನ್ನು ನೇರವಾಗಿ ಹಲಗೆಯ ಮೇಲೆ ಇಳಿಸುತ್ತದೆ. ಹಲಗೆ ತೆಳ್ಳಗಿದ್ದಷ್ಟೂ ನಾದ ತೆರೆದುಕೊಳ್ಳುತ್ತದೆ, ಕುಸಿಯುವ ಅಪಾಯವೂ ಅಷ್ಟೇ ಹೆಚ್ಚುತ್ತದೆ. ಸ್ಟೀಲ್ ಸ್ಕೇಲನ್ನು ಕುದುರೆಯ ಪಕ್ಕದಲ್ಲೇ ಹಲಗೆಗೆ ಅಡ್ಡಲಾಗಿ ನಿಲ್ಲಿಸಿ, ಹಿಂದಿನಿಂದ ಬೆಳಕು ಬಿಡಿ. ಸ್ಕೇಲಿನ ಕೆಳಗೆ ನಡುವಿನಲ್ಲಿ ಬೆಳಕು ಬಂದರೆ ಹಲಗೆ ತಗ್ಗಿದೆ. ಅರ್ಧ ಮಿ.ಮೀ. ತಗ್ಗು ಹಳೆಯ ವೀಣೆಯಲ್ಲಿ ಸಹಜ. ಎರಡು ಮಿ.ಮೀ. ಕಂಡರೆ, ಅದೂ ಕುದುರೆಯ ಒಂದೇ ಕಾಲಿನ ಕೆಳಗೆ ಕಂಡರೆ, ಹಲಗೆಯ ಒಳಗೆ ಬಿರುಕು ಇರುವ ಸಾಧ್ಯತೆ ಹೆಚ್ಚು.

ಕುಸಿದ ಹಲಗೆಯ ವೀಣೆಗೆ ಮಾರುವವರು ಎತ್ತರದ ಹೊಸ ಕುದುರೆ ಕೊಟ್ಟಿರುತ್ತಾರೆ. ಕುದುರೆ ಮಾತ್ರ ಹೊಸದು, ಉಳಿದದ್ದೆಲ್ಲ ಹಳತು ಎಂದಾಗ, ಯಾಕೆ ಬದಲಾಯಿಸಿದಿರಿ ಎಂದು ಕೇಳಿ. ಹಲಗೆಯನ್ನೇ ಹೊಸದಾಗಿ ಹಾಕಿಸುವುದು ಸಾಧ್ಯ, ಒಳ್ಳೆಯ ಕೆಲಸಗಾರರು ಚೆನ್ನಾಗಿಯೇ ಹಾಕುತ್ತಾರೆ. ಆದರೆ ಆ ಮೇಲೆ ಕೇಳುವ ನಾದ ಹಳೆಯ ವೀಣೆಯದ್ದಾಗಿರುವುದಿಲ್ಲ. ಹಳೆಯ ನಾದಕ್ಕೆಂದೇ ಹೆಚ್ಚು ದುಡ್ಡು ಕೊಡುವವರು ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು.

ಕುದುರೆಯ ಮೇಲಿನ ಲೋಹದ ತಗಡಿನಲ್ಲಿ ತಂತಿ ಕೊರೆದ ಗೀರುಗಳಿದ್ದರೆ ದನಿ ಗೊಗ್ಗರಾಗುತ್ತದೆ, ಒಮ್ಮೊಮ್ಮೆ ಸತ್ತಂತೆಯೂ ಕೇಳುತ್ತದೆ. ಇದು ಅರಗಿನ ಮೇಲೆ ಕೂರಿಸಿದ ತಗಡು. ತೆಗೆದು, ಉಜ್ಜಿ, ಹದವಾದ ಬಾಗು ಕೊಟ್ಟು ಮತ್ತೆ ಕೂರಿಸಿದರೆ ಸರಿಹೋಗುತ್ತದೆ. ನಾದ ಸತ್ತಿದೆ ಎಂಬ ಒಂದೇ ಕಾರಣಕ್ಕೆ ಒಳ್ಳೆಯ ಮೈಯ ವೀಣೆಯನ್ನು ಬಿಟ್ಟು ಹೋಗುವವರನ್ನು ನೋಡಿದಾಗ ಬೇಸರವಾಗುತ್ತದೆ. ಹತ್ತರಲ್ಲಿ ಹಲವು ಸಲ ತೊಂದರೆ ಇರುವುದು ಈ ತಗಡಿನಲ್ಲೇ. ತಾಳದ ತಂತಿಗಳ ಪಕ್ಕದ ಕುದುರೆಗೂ ಇದೇ ಮಾತು.

ಮೇಳ, ಮೆಟ್ಟಿಲು, ಬಿರಡೆ

ಮೇಳ ಎಂದರೆ ಜೇನುಮೇಣ, ರಾಳ, ಕಪ್ಪು ಪುಡಿ ಸೇರಿಸಿ ಕಾಯಿಸಿದ ಮಿಶ್ರಣ. ಜೇನುಮೇಣ ಕರಗುವುದು 62ರಿಂದ 65 ಡಿಗ್ರಿಯಲ್ಲಿ, ಮೆತ್ತಗಾಗುವುದು ಅದಕ್ಕೂ ಬಹಳ ಮೊದಲು. ಬಿಸಿಲಿಗೆ ನಿಲ್ಲಿಸಿದ ಕಾರಿನ ಡಿಕ್ಕಿಯಲ್ಲಿ ವೀಣೆ ಇಟ್ಟರೆ ಒಂದೇ ಮಧ್ಯಾಹ್ನದಲ್ಲಿ ಮೆಟ್ಟಿಲುಗಳು ಮುಳುಗುತ್ತವೆ. ಮೇಳ ಕಾಲಕಾಲಕ್ಕೆ ಮತ್ತೆ ಕಟ್ಟಿಸಲೇಬೇಕಾದದ್ದು. ಆದ್ದರಿಂದ ಒಡೆದ, ಜರಿದ, ಧೂಳು ಹಿಡಿದ ಮೇಳ ವೀಣೆಯ ದೋಷವೇ ಅಲ್ಲ. ಚೌಕಾಸಿಗೆ ಒಂದು ಕಾರಣ, ಅಷ್ಟೆ. ಇನ್ನೂ ಹೇಳಬೇಕೆಂದರೆ, ಹಳೆಯ ಮೇಳ ಇದ್ದರೇ ಒಳಿತು. ಕೆಳಗಿನ ಮರ ಹೇಗಿದೆ ಎನ್ನುವುದು ಮರೆಯಾಗದೆ ಕಾಣುತ್ತದೆ.

ಮೆಟ್ಟಿಲಿನ ನೆತ್ತಿಯಲ್ಲಿ ತಂತಿಯ ಗೀರು ತೆಳುವಾಗಿದ್ದರೆ ಅರದಿಂದ ಉಜ್ಜಿ ಹೊಳಪು ಕೊಡಬಹುದು. ಉಗುರು ಸಿಕ್ಕಿಕೊಳ್ಳುವಷ್ಟು ಆಳವಿದ್ದರೆ ಬದಲಾಯಿಸಬೇಕು. ಬದಲಾಯಿಸುವುದಾದರೆ 24ನ್ನೂ ಒಂದೇ ಲೋಹದಲ್ಲಿ ಹಾಕಿಸಿ. ಕೆಲವು ಹಿತ್ತಾಳೆ, ಕೆಲವು ಕಂಚು ಎಂದಾದರೆ ಸ್ವರದಿಂದ ಸ್ವರಕ್ಕೆ ದನಿಯ ಬಣ್ಣ ಬದಲಾಗುತ್ತದೆ.

ಬಿರಡೆ ಜಾರುವುದಕ್ಕೂ ಬಿರಡೆಯ ಗೂಡು ಸೀಳುವುದಕ್ಕೂ ಇರುವ ಅಂತರ ದೊಡ್ಡದು. ಬಿರಡೆ ಜಾರಿದರೆ ಸೀಮೆಸುಣ್ಣ, ಅದೂ ಆಗದಿದ್ದರೆ ಹೊಸ ಬಿರಡೆ. ತೂತು ಮೊಟ್ಟೆಯಾಕಾರಕ್ಕೆ ಸವೆದಿದ್ದರೆ ಅದನ್ನು ಮರದಿಂದ ತುಂಬಿ ಮತ್ತೆ ಕೊರೆಯಬೇಕು, ಇದೂ ಮಾಮೂಲಿ ಕೆಲಸ. ಆದರೆ ಒಂದು ತೂತಿನಿಂದ ಪಕ್ಕದ ತೂತಿನ ಕಡೆಗೆ ಎಳೆಯ ಗುಂಟ ಗೆರೆ ಹೊರಟಿದ್ದರೆ ಮರ ಅಲ್ಲೇ ಸೀಳುತ್ತಿದೆ. ಬಿರಡೆಯನ್ನು ಒಳಕ್ಕೆ ಒತ್ತಿ ತಿರುಗಿಸಿದಾಗ ಆ ಗೆರೆ ಅಗಲವಾಗುತ್ತದೆಯೇ ನೋಡಿ. ಅಗಲವಾದರೆ ಆ ಭಾಗವನ್ನು ಬಿಚ್ಚಿ ಬಲಪಡಿಸದೆ ವೀಣೆ ಶ್ರುತಿ ನಿಲ್ಲಿಸುವುದಿಲ್ಲ. ದಂಡಿಯ ಪಕ್ಕದ ಮೂರು ತಾಳದ ಬಿರಡೆಗಳನ್ನು ಜನ ಮರೆಯುತ್ತಾರೆ. ಅಲ್ಲಿನ ಮರ ತೆಳು, ಸೀಳು ಹೆಚ್ಚು.

ಹುಳ

ಒಂದೆರಡು ಮಿ.ಮೀ. ಅಗಲದ ದುಂಡು ತೂತುಗಳು ಕಂಡರೆ ಕುಟ್ಟೆ ಹಿಡಿದಿತ್ತು ಎಂದರ್ಥ. ಈಗಲೂ ಹಿಡಿದಿದೆಯೇ ಎನ್ನುವುದೇ ಪ್ರಶ್ನೆ. ವೀಣೆಯನ್ನು ಕಪ್ಪು ಬಟ್ಟೆಯ ಮೇಲೆ ಇಟ್ಟು ಮೆಲ್ಲಗೆ ತಟ್ಟಿ. ಹಿಟ್ಟಿನಂಥ ತಿಳಿ ಪುಡಿ ಉದುರಿದರೆ ಹುಳ ಜೀವಂತವಾಗಿರಬಹುದು. ತೂತಿನ ಒಳಗೆ ಕಪ್ಪು ಧೂಳು ಕಟ್ಟಿದ್ದರೆ ಹಳೆಯ ಕಥೆ. ಕುಟ್ಟೆ ಮರದ ಹೊರಗಿನ ಬಿಳಿ ಭಾಗವನ್ನು ತಿನ್ನುತ್ತದೆ, ಚೇಗಿಗೆ ಸುಲಭವಾಗಿ ಇಳಿಯುವುದಿಲ್ಲ. ಹೀಗಾಗಿ ಚೇಗಿನಿಂದಲೇ ಮಾಡಿದ ವೀಣೆಯಲ್ಲಿ ನಾಲ್ಕಾರು ಹಳೆಯ ತೂತು ಇದ್ದರೆ ಕೊಳ್ಳಬಹುದು. ದಂಡಿಯ ಅಂಚನ್ನು ಹೆಬ್ಬೆರಳಿಂದ ಒತ್ತಿದಾಗ ಮರ ಕುಸಿದರೆ ಬೇಡ. ಜೀವಂತ ಹುಳವಿರುವ ವಾದ್ಯವನ್ನು ಮನೆಯಲ್ಲಿರುವ ಬೇರೆ ವಾದ್ಯಗಳ ಬಳಿ ಒಂದು ದಿನವೂ ಇಡಬೇಡಿ.

ಮುಟ್ಟದ್ದೋ, ರಿಪೇರಿಯಾದದ್ದೋ

ಯಾರೂ ಮುಟ್ಟದ ಕೊಳಕು ವೀಣೆ ಮತ್ತು ಪೂರ್ತಿ ರಿಪೇರಿಯಾದ ಹೊಳೆಯುವ ವೀಣೆ ಒಂದೇ ಬೆಲೆಗೆ ಸಿಕ್ಕರೆ, ದಂಡಿ ನೇರವಿದ್ದಲ್ಲಿ ಕೊಳಕಾದದ್ದನ್ನೇ ತೆಗೆದುಕೊಳ್ಳಿ. ಕೊಳಕಾದದ್ದರ ದೋಷಗಳು ಎದುರಿಗೇ ಕಾಣುತ್ತವೆ. ರಿಪೇರಿಯಾದದ್ದರಲ್ಲಿ ನೀವು ಕೊಳ್ಳುತ್ತಿರುವುದು ಆ ಕೆಲಸಗಾರರ ಕೈಯನ್ನೂ ಸೇರಿಸಿ. ಅವರು ಬಳಸಿದ ಅಂಟು ಯಾವುದೆಂದು ಕೇಳಿ. ಬಿಳಿ ಸಿಂಥೆಟಿಕ್ ಅಂಟು, ಎಂ-ಸೀಲ್, ಅರಾಲ್ಡೈಟ್ ಒಮ್ಮೆ ಮರದ ಎಳೆಗೆ ಇಳಿದರೆ ಮುಂದಿನವರು ಅದೇ ಜಾಗ ಬಿಚ್ಚುವಾಗ ಮರವೂ ಕಿತ್ತು ಬರುತ್ತದೆ. ಮರವಜ್ರ ಹಾಗಲ್ಲ, ಬಿಸಿನೀರಿಗೆ ಬಿಡುತ್ತದೆ. ಎಳೆತದ ದಾರಿಯಲ್ಲಿ ಹಿತ್ತಾಳೆ ಪಟ್ಟಿ ಬಡಿದು ತಿರುಪು ಹಾಕಿದ್ದರೆ, ಅಂಟು ನಿಲ್ಲಲಿಲ್ಲವೆಂದೇ ಅದನ್ನು ಹಾಕಿರುತ್ತಾರೆ.

ನೇರಳಾತೀತ ಟಾರ್ಚ್ ಇಲ್ಲಿ ಕೆಲಸಕ್ಕೆ ಬರುತ್ತದೆ. ಕತ್ತಲ ಕೋಣೆಯಲ್ಲಿ ಬೆಳಕು ಬಿಟ್ಟರೆ ಹಳೆಯ ಅರಗಿನ ಪಾಲಿಶ್ ಕಿತ್ತಳೆ ಬಣ್ಣದಲ್ಲಿ ಮಿನುಗುತ್ತದೆ. ಹೊಸದಾಗಿ ಬಣ್ಣ ಹಚ್ಚಿ ಮುಚ್ಚಿದ ಜಾಗಗಳು ಕಪ್ಪಾಗಿಯೋ ಬೇರೆ ಬಣ್ಣದಲ್ಲೋ ಎದ್ದು ಕಾಣುತ್ತವೆ. ಕೊಡದ ಮೇಲೆ ನೇರವಾದ ಕಪ್ಪು ಗೆರೆಯೊಂದು ಹೀಗೆ ಕಂಡರೆ ಅದು ತುಂಬಿ ಮುಚ್ಚಿದ ಬಿರುಕು.

ಸೋರೆ ಬುರುಡೆ ಬಿರುಕುಬಿಟ್ಟಿದ್ದರೂ, ಕಾಣೆಯಾಗಿದ್ದರೂ ಚಿಂತಿಸಬೇಡಿ. ಬಹಳಷ್ಟು ವೀಣೆಗಳಲ್ಲಿ ಅದು ಕಾಗದದ ಮುದ್ದೆಯದ್ದೋ ಫೈಬರಿನದ್ದೋ ಆಗಿರುತ್ತದೆ, ಹೊಸದು ಸಿಗುತ್ತದೆ. ಅದು ದಂಡಿಗೆ ಸೇರುವ ಲೋಹದ ಬಟ್ಟಲಿನ ಸುತ್ತ ಮಾತ್ರ ಬಿರುಕಿದೆಯೇ ನೋಡಿದರೆ ಸಾಕು.

ತಂಬೂರಿಗೆ ಅಳತೆಗೋಲು ಬೇರೆ

ವೀಣೆ ಹುಡುಕುತ್ತಾ ಹೋದವರಿಗೆ ಅದೇ ಮನೆಯಲ್ಲಿ ಹಳೆಯ ತಂಬೂರಿಯೂ ಸಿಗುವುದುಂಟು. ತಂಬೂರಿಗೆ ಮೆಟ್ಟಿಲಿಲ್ಲ, ಒತ್ತಿ ನುಡಿಸುವುದಿಲ್ಲ. ವೀಣೆಯನ್ನು ಕೆಡಿಸುವ ಮೂರು ಮಿ.ಮೀ. ಬಾಗು ತಂಬೂರಿಯಲ್ಲಿ ಲೆಕ್ಕಕ್ಕೇ ಇಲ್ಲ. ಕರ್ನಾಟಕ ಸಂಗೀತದವರ ಹಲಸಿನ ತಂಬೂರಿಯಲ್ಲಿ ಹಲಗೆಯ ತಗ್ಗು ಮತ್ತು ಬಿರಡೆ ನೋಡಿದರೆ ಬಹುಪಾಲು ಮುಗಿಯಿತು. ಧಾರವಾಡ ಹುಬ್ಬಳ್ಳಿ ಕಡೆಯ ಮನೆಗಳಲ್ಲಿರುವ ಮಿರಜ್ ತಂಬೂರಿಯ ಕೊಡ ನಿಜವಾದ ಸೋರೆಕಾಯಿ. ಅದರ ಚಿಪ್ಪಿನ ಬಿರುಕನ್ನು ಒಳಗಿನಿಂದ ಬಟ್ಟೆ ಮತ್ತು ಅಂಟಿನಿಂದ ಕಟ್ಟಿದ್ದರೆ ಅದು ಒಪ್ಪಿಕೊಳ್ಳಬಹುದಾದ ರಿಪೇರಿಯೇ. ಅಲ್ಲಿ ಪ್ರಾಣವಿರುವುದು ಗುಲುವಿನಲ್ಲಿ, ಎಂದರೆ ಬುರುಡೆಗೂ ದಂಡಿಗೂ ನಡುವಿನ ಮರದ ಕೊರಳಿನಲ್ಲಿ. ಒಂದು ಕೈಯಲ್ಲಿ ಬುರುಡೆ, ಇನ್ನೊಂದರಲ್ಲಿ ದಂಡಿ ಹಿಡಿದು ಹಗುರವಾಗಿ ಅಲುಗಿಸಿ. ಕೊರಳಿನಲ್ಲಿ ಕಿರ್ ಎಂದರೆ ಬಿಡಿ.

ಹಳೆಯದೋ, ಹೊಸದೋ

ಕಲಿಯಲು ಶುರುಮಾಡುವ ಮಕ್ಕಳಿಗಾದರೆ ಹೊಸ ವೀಣೆಯೇ ಸರಿ. ಮೆಟ್ಟಿಲು ಸರಿಯಿಲ್ಲದ ವಾದ್ಯದಲ್ಲಿ ಕಿವಿ ತಪ್ಪು ಸ್ವರಕ್ಕೆ ಒಗ್ಗಿಹೋಗುತ್ತದೆ. ಕೆಲವು ವರ್ಷ ನುಡಿಸಿದವರಿಗೆ, ಹತ್ತಿರದಲ್ಲಿ ಮೇಳ ಕಟ್ಟುವವರು ಸಿಗುವುದಾದರೆ, ಹಳೆಯದು ಲಾಭ. ಹತ್ತಾರು ಮಳೆಗಾಲ ಬೇಸಿಗೆ ಕಂಡ ಮರ ಬಾಗುವುದಿದ್ದರೆ ಈಗಾಗಲೇ ಬಾಗಿರುತ್ತದೆ, ಸೀಳುವುದಿದ್ದರೆ ಸೀಳಿರುತ್ತದೆ. ಸರಿಯಾಗಿ ಒಣಗಿಸದ ಹೊಸ ಮರದ ವಿಷಯದಲ್ಲಿ ಈ ಭರವಸೆ ಇಲ್ಲ. ಲೆಕ್ಕ ಹಾಕುವಾಗ ಕೇಳಿದ ಬೆಲೆಗೆ ಮೇಳ, ಮೆಟ್ಟಿಲು, ಕುದುರೆಯ ತಗಡು, ಬಿರಡೆ, ತಂತಿ ಇಷ್ಟರ ಖರ್ಚನ್ನೂ ಸೇರಿಸಿ. ಕೆಲಸಗಾರರಿಂದ ಅಂದಾಜು ಬರೆಸಿಕೊಂಡೇ ಚೌಕಾಸಿಗೆ ಕೂರಿ.

ಅರಮನೆಯ ವೀಣೆ, ಮೈಸೂರು ಆಸ್ಥಾನದ ವೈಣಿಕ ವೀಣೆ ಶೇಷಣ್ಣನವರ ಕಾಲದ್ದು ಎಂಬ ಮಾತುಗಳು ಬಂದೇ ಬರುತ್ತವೆ. ಶೇಷಣ್ಣನವರು ಬದುಕಿದ್ದು 1852ರಿಂದ 1926ರ ತನಕ. ಹಳೆಯ ಫೋಟೋ, ಕಾಗದ, ರಸೀದಿ ಏನಾದರೂ ಇದ್ದರೆ ಆ ಮಾತಿಗೆ ಬೆಲೆ. ಬರೀ ಬಾಯಿಮಾತಿಗೆ ಒಂದು ರೂಪಾಯಿಯನ್ನೂ ಹೆಚ್ಚು ಕೊಡಬೇಡಿ. ಜೊತೆಗೆ ಇನ್ನೊಂದು ತಿಳಿದಿರಲಿ: ನೂರು ವರ್ಷ ದಾಟಿದ ಕಲಾವಸ್ತು 1972ರ ಪುರಾವಸ್ತು ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ, ಖಾಸಗಿಯವರು ಅದನ್ನು ದೇಶದಿಂದ ಹೊರಗೆ ಕಳಿಸುವಂತಿಲ್ಲ. ಅಮೆರಿಕದಲ್ಲಿರುವ ಮಗಳಿಗೆ ಹಳೆಯ ವೀಣೆ ಕಳಿಸಬೇಕೆಂದಿದ್ದರೆ, ಅದು ಪುರಾವಸ್ತುವಲ್ಲ ಎಂಬ ಪ್ರಮಾಣಪತ್ರವನ್ನು ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಯಿಂದ ಮೊದಲೇ ಪಡೆಯಿರಿ. ಬೀಟೆ ಮರದ ಜಾತಿ 2017ರ ಜನವರಿಯಿಂದ ಅಪಾಯದಲ್ಲಿರುವ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಸೈಟಿಸ್ (CITES) ಒಪ್ಪಂದದ ಎರಡನೇ ಪಟ್ಟಿಯಲ್ಲಿದೆ. 2019ರ ನವೆಂಬರ್‌ನಿಂದ ಪೂರ್ಣಗೊಂಡ ಸಂಗೀತವಾದ್ಯಗಳಿಗೆ ಅದರಿಂದ ವಿನಾಯಿತಿ ಸಿಕ್ಕಿದೆ. ಆದರೂ ಕಳಿಸುವ ಮುನ್ನ ಕಸ್ಟಮ್ಸ್‌ನಲ್ಲಿ ವಿಚಾರಿಸಿ.

ಬಿಳಿ ಇನ್‌ಲೇ ಆನೆದಂತವಾಗಿದ್ದರೆ ಪ್ರಶ್ನೆ ಇನ್ನೂ ಗಂಭೀರ. ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ದಂತದ ಮಾರಾಟಕ್ಕೆ ಅವಕಾಶವಿಲ್ಲ, ವಸ್ತು ಎಷ್ಟೇ ಹಳೆಯದಾಗಿರಲಿ. ದಂತದ ಅಡ್ಡಕೊಯ್ತದಲ್ಲಿ ಒಂದನ್ನೊಂದು ಕತ್ತರಿಸುವ ನವಿರಾದ ಬಾಗುಗೆರೆಗಳಿರುತ್ತವೆ. ಮೂಳೆಯಲ್ಲಿ ಸೂಜಿಮೊನೆಯಂಥ ಕಪ್ಪು ಚುಕ್ಕೆಗಳಿರುತ್ತವೆ. ಪ್ಲಾಸ್ಟಿಕ್ಕಿನಲ್ಲಿ ಎರಡೂ ಇರುವುದಿಲ್ಲ. ಕಾದ ಸೂಜಿ ಚುಚ್ಚಿ ನೋಡುವ ಹಳೆಯ ಪದ್ಧತಿ ಬೇಡ. ಇನ್‌ಲೇ ಸೆಲ್ಯುಲಾಯ್ಡ್ ಆಗಿದ್ದರೆ ಅದು ಭಗ್ಗನೆ ಹತ್ತಿಕೊಳ್ಳುತ್ತದೆ. ಅನುಮಾನವಿದ್ದರೆ ಕೊಳ್ಳಬೇಡಿ. ಮನೆಯಲ್ಲೇ ವಂಶಪಾರಂಪರ್ಯವಾಗಿ ಬಂದಿದ್ದರೆ ಅರಣ್ಯ ಇಲಾಖೆಯಲ್ಲಿ ಕೇಳಿ ಮುಂದುವರಿಯಿರಿ.

ಆರಿಸಿ ಮನೆಗೆ ತಂದ ಮೇಲೆ ಒಂದೇ ದಿನದಲ್ಲಿ ಶ್ರುತಿಗೆ ಏರಿಸಬೇಡಿ. ವರ್ಷಗಟ್ಟಲೆ ತಂತಿ ಸಡಿಲವಾಗಿ ಮಲಗಿದ್ದ ಮರಕ್ಕೆ ಮೂವತ್ತು ಕಿಲೋ ಭಾರ ಏಕಾಏಕಿ ಬಿದ್ದರೆ ಹಳೆಯ ಅಂಟು ಅಲ್ಲೇ ಬಿಡಬಹುದು. ಮೊದಲ ವಾರ ಎರಡು ಸ್ವರ ಕೆಳಗೆ ಇಡಿ, ಎರಡನೇ ವಾರ ಒಂದು ಸ್ವರ ಕೆಳಗೆ, ಮೂರನೇ ವಾರ ಪೂರ್ತಿ ಶ್ರುತಿಗೆ. ಪ್ರತಿ ಸಲ ಏರಿಸುವ ಮುನ್ನ ಅದೇ ದಾರ, ಅದೇ ಸ್ಕೇಲಿನಿಂದ ದಂಡಿಯ ಸಂದನ್ನೂ ಹಲಗೆಯ ತಗ್ಗನ್ನೂ ಅಳೆದು, ಕೊಳ್ಳುವಾಗ ಬರೆದುಕೊಂಡ ಅಂಕಿಗಳ ಪಕ್ಕದಲ್ಲಿ ಬರೆಯಿರಿ. ಕೋಣೆಯ ತೇವಾಂಶ ಶೇ. 45ರಿಂದ 55ರ ನಡುವೆ ಇದ್ದರೆ ಉತ್ತಮ. ಮಂಗಳೂರಿನ ತೇವದಿಂದ ಬಳ್ಳಾರಿಯ ಒಣಹವೆಗೋ, ಹೀಟರ್ ಉರಿಯುವ ವಿದೇಶದ ಮನೆಗೋ ವೀಣೆ ಹೋಗಿದ್ದರೆ ಈ ಮೂರು ವಾರವನ್ನು ಆರಕ್ಕೆ ಏರಿಸಿ, ಮೇಳ ಕಟ್ಟಿಸುವುದನ್ನು ಅಳತೆಗಳು ಒಂದೇ ಕಡೆ ನಿಂತ ಮೇಲೆ ಇಟ್ಟುಕೊಳ್ಳಿ.